ಬಾದಾಮಿಯನ್ನು ಕೋಟೆಯಾಗಿ ತೋರಿಸಿ: ಒಂದು ಬಹಿರಂಗ ಪತ್ರ

ಪುರಾತತ್ವ ಇಲಾಖೆ ಮತ್ತು ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ, ಬಾಗಲಕೋಟೆ ಜಿಲ್ಲಾಡಳಿತಕ್ಕೆ, ಬಾದಾಮಿ ಪುರಸಭೆಗೆ,

ನಮಸ್ಕಾರ.

ನಾನು ಇದೇ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಬರುವುದು ನನ್ನ ಕೆಲಸದ ಭಾಗ, ನನ್ನ ಇಷ್ಟವೂ ಹೌದು. ಈ ಪತ್ರ ಬರೆಯುತ್ತಿರುವುದು ಒಂದು ಮಾತು ಹೇಳಲು. ಬಾದಾಮಿ ಒಂದು ಕೋಟೆ. ಅದನ್ನು ಕೋಟೆಯಾಗಿ ತೋರಿಸಿ.

ಈಗ ಬಾದಾಮಿಗೆ ಬಂದವರು ಹೇಗೆ ನೋಡುತ್ತಾರೆ ಎನ್ನುವುದು ನಿಮಗೂ ಗೊತ್ತು. ಬಸ್ಸಿಳಿದು ಸೀದಾ ಮೇಣಬಸದಿಗೆ, ಅಂದರೆ ಬಂಡೆಯಲ್ಲಿ ಕೊರೆದ ಗವಿಗುಡಿಗಳಿಗೆ, ಹತ್ತುತ್ತಾರೆ. ಹದಿನೆಂಟು ಕೈಯ ನಟರಾಜನ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಾರೆ. ಮಂಗಗಳ ಕೈಯಿಂದ ತಿಂಡಿ ಉಳಿಸಿಕೊಂಡು ಇಳಿಯುತ್ತಾರೆ. ಪುರುಸೊತ್ತು ಇದ್ದವರು ಕೆರೆ ಸುತ್ತಿ ಭೂತನಾಥನ ಗುಡಿಗೆ ಹೋಗುತ್ತಾರೆ, ಇಲ್ಲದವರು ಪಟ್ಟದಕಲ್ಲಿನ ಬಸ್ ಹಿಡಿಯುತ್ತಾರೆ. ಎರಡು ಬೆಟ್ಟಗಳ ತುದಿಯಲ್ಲಿ ಗೋಡೆ ಇರುವುದು ಕೆಳಗಿನಿಂದಲೇ ಕಾಣುತ್ತದೆ. ಅದು ಯಾರದು, ಯಾಕೆ ಅಲ್ಲಿದೆ ಅಂತ ಕೇಳುವವರು ಕಡಿಮೆ. ಒಂದು ಸಲ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೆರೆಯ ದಂಡೆಯಲ್ಲಿ ನಿಂತು, "ಸರ್, ಪುಸ್ತಕದಾಗ ವಾತಾಪಿ ಕೋಟೆ ಅಂತ ಐತಲ್ರೀ, ಅದು ಎಲ್ಲೈತ್ರೀ?" ಅಂತ ಕೇಳಿದಳು. ವಾತಾಪಿ ಅಂದರೆ ಬಾದಾಮಿಯದೇ ಹಳೆಯ ಹೆಸರು. ಅವಳು ಆಗ ನಿಂತಿದ್ದದ್ದು ಕೋಟೆಯ ಒಳಗೇ!

ಆ ಪ್ರಶ್ನೆಯಲ್ಲಿ ಮಗುವಿನ ತಪ್ಪೇನೂ ಇಲ್ಲ. ಎದುರಿಗಿದ್ದ ಬೆಟ್ಟ, ಕೆರೆ, ಗೋಡೆ, ಗುಡಿ, ಗವಿ ಎಲ್ಲವೂ ಅವಳಿಗೆ ಬಿಡಿ ಬಿಡಿಯಾಗಿ ಕಂಡಿದ್ದವು. ಅವನ್ನು ಕಟ್ಟಿದವರ ಮನಸ್ಸಿನಲ್ಲಿ ಮಾತ್ರ ಅವು ಬಿಡಿ ಇರಲಿಲ್ಲ.

ಇದಕ್ಕೆ ಸಾಕ್ಷಿ ಬಡಗಣ ಬೆಟ್ಟದ ಬಂಡೆಯ ಮೇಲೇ ಇದೆ. ಕೆಲವೇ ಸಾಲಿನ ಸಂಸ್ಕೃತ ಶಾಸನ. ಶಕ ವರ್ಷ 465 ಎಂದು ಅದರಲ್ಲೇ ಬರೆದಿದೆ, ಅಂದರೆ ಕ್ರಿ.ಶ. 543. ಅಶ್ವಮೇಧ ಮಾಡಿದ ಚಲುಕ್ಯ ವಲ್ಲಭೇಶ್ವರ, ನಾವು ಒಂದನೇ ಪುಲಿಕೇಶಿ ಎನ್ನುವ ರಾಜ, ಬೆಟ್ಟಗಳಲ್ಲೇ ದೊಡ್ಡದಾದ ವಾತಾಪಿಯನ್ನು ಲೋಕದ ಒಳಿತಿಗಾಗಿ ಕೆಳಗಿನಿಂದಲೂ ಮೇಲಿನಿಂದಲೂ ಯಾರೂ ಗೆಲ್ಲಲಾಗದ ದುರ್ಗವಾಗಿ ಮಾಡಿಸಿದ ಎನ್ನುವುದು ಅದರ ತಿರುಳು. ಒಂದು ರಾಜ್ಯ ಹುಟ್ಟಿದ ಗಳಿಗೆಯನ್ನು ಇಷ್ಟು ನೇರವಾಗಿ, ಇಸವಿ ಸಮೇತ ಹೇಳುವ ಕಲ್ಲುಗಳು ನಮ್ಮ ನಾಡಿನಲ್ಲಿ ಎಷ್ಟಿವೆ ಹೇಳಿ? ಆ ರಾಜ ಮೊದಲ ಮಾತಾಗಿ ಬರೆಸಿದ್ದು ತನ್ನ ಅರಮನೆಯ ಬಗ್ಗೆ ಅಲ್ಲ, ಗುಡಿಯ ಬಗ್ಗೆಯೂ ಅಲ್ಲ. ಬೆಟ್ಟವನ್ನು ಕೋಟೆ ಮಾಡಿದ ಬಗ್ಗೆ.

ಮೇಣಬಸದಿಗಳಲ್ಲಿ ಇಸವಿ ಖಚಿತವಾಗಿ ಗೊತ್ತಿರುವುದು ಮೂರನೆಯದಕ್ಕೆ. ಒಂದನೇ ಪುಲಿಕೇಶಿಯ ಮಗ ಮಂಗಳೇಶನ ಶಾಸನದ ಪ್ರಕಾರ ಅದು 578. ಕೋಟೆಯ ಶಾಸನಕ್ಕಿಂತ 35 ವರ್ಷ ಈಚೆಯದು. ಇವತ್ತು ನಾವು ಟಿಕೆಟ್ ಕೊಂಡು ನೋಡುವ ಆ ಗವಿಗಳನ್ನು ಕೊರೆದದ್ದು ಆಗಲೇ ಕೋಟೆಯಾಗಿದ್ದ ಜಾಗದಲ್ಲಿ. ಗವಿಯ ಶಿಲ್ಪ ನೋಡಿ ಬೆರಗಾಗುವುದು ಸರಿಯೇ. ಆದರೆ ವರ್ಷಗಟ್ಟಲೆ ನೆಮ್ಮದಿಯಿಂದ ಕೂತು ಅಂಥ ಕೆಲಸ ಮಾಡಲು ಶಿಲ್ಪಿಗಳಿಗೆ ಭದ್ರವಾದ ಜಾಗ ಬೇಕಿತ್ತು, ಅಲ್ವಾ? ಅದನ್ನು ಕೊಟ್ಟದ್ದು ಈ ಕೋಟೆ.

ಜಾಗದ ಆಯ್ಕೆಯನ್ನೇ ಸ್ವಲ್ಪ ನೋಡಿ. ಮಲಪ್ರಭೆ ದೂರವೇನಿಲ್ಲ. ಪಟ್ಟದಕಲ್ಲು ಹೊಳೆಯ ದಂಡೆಯಲ್ಲೇ ಇದೆ. ಆದರೂ ಚಲುಕ್ಯರು ರಾಜಧಾನಿಯನ್ನು ಹೊಳೆಯ ಬಯಲಲ್ಲಿ ಕಟ್ಟಲಿಲ್ಲ. ಕೆಂಪು ಮರಳುಗಲ್ಲಿನ ಎರಡು ಬೆಟ್ಟ, ನಡುವೆ ಒಂದು ಕಣಿವೆ, ಕಣಿವೆಯ ಬಾಯಿ ಪಶ್ಚಿಮಕ್ಕೆ. ಆ ಬಾಯಿಗೆ ಅಡ್ಡಲಾಗಿ ಏರಿ ಹಾಕಿದರೆ ಮಳೆಯ ನೀರು ಒಳಗೇ ನಿಲ್ಲುತ್ತದೆ. ಅದೇ ಅಗಸ್ತ್ಯ ತೀರ್ಥ. ಏರಿಯ ಕೆಳಗೆ ಊರು. ಕೆರೆಯ ತೆಂಕಣಕ್ಕೆ ಒಂದು ಬೆಟ್ಟ, ಬಡಗಣಕ್ಕೆ ಇನ್ನೊಂದು. ಮಳೆಗಾಲದಲ್ಲಿ ಅಕ್ಕ-ತಂಗಿ ಜಲಪಾತ ಬಂಡೆಯ ಮೇಲಿಂದ ಧುಮುಕಿದಾಗ ಆ ನೀರು ಹೋಗಿ ಸೇರುವುದೂ ಈ ಕೆರೆಗೇ. ಹೊಳೆ ಬೇಸಿಗೆಯಲ್ಲಿ ಸೊರಗಬಹುದು, ಶತ್ರು ಬಂದು ದಂಡೆಯಲ್ಲಿ ಡೇರೆ ಹಾಕಬಹುದು. ಈ ಕೆರೆಗೆ ಬರಬೇಕೆಂದರೆ ಊರನ್ನು ದಾಟಿಯೇ ಬರಬೇಕು, ದಾಟಿ ಬಂದರೂ ಎರಡು ಬೆಟ್ಟಗಳ ಕಣ್ಣು ತಲೆಯ ಮೇಲೇ ಇರುತ್ತದೆ.

ಹಾಗಾಗಿ ಕೆರೆಯನ್ನು ಕೋಟೆಯ ಎದುರಿನ ಚಂದದ ನೋಟ ಎಂದಷ್ಟೇ ಪರಿಚಯಿಸಿದರೆ ಅರ್ಧ ವಿಷಯ ಬಿಟ್ಟಂತೆ. ಕೊತ್ತಳ ಹೇಗೋ ಏರಿಯೂ ಹಾಗೇ, ಕೋಟೆಯ ಒಂದು ಅಂಗ.

ಇನ್ನು ಬಡಗಣ ಬೆಟ್ಟ. ಹಳಬರು ಇದನ್ನು ಬಾವನ್ ಬಂಡೆ ಕೋಟೆ ಅಂತಾರೆ, ಐವತ್ತೆರಡು ಬಂಡೆಗಳ ಕೋಟೆ. ತೆಂಕಣದ್ದು ರಣಮಂಡಲ ಕೋಟೆ. ಮ್ಯೂಸಿಯಂ ಪಕ್ಕದಿಂದ ಬಾವನ್ ಬಂಡೆಗೆ ಹತ್ತುವ ದಾರಿ ಇದೆಯಲ್ಲ, ನನ್ನ ಮಟ್ಟಿಗೆ ಇಡೀ ಬಾದಾಮಿಯಲ್ಲಿ ಕಟ್ಟಡದ ಜಾಣ್ಮೆ ಅತಿ ಚೆನ್ನಾಗಿ ಕಾಣುವುದು ಅಲ್ಲೇ.

ಮರಳುಗಲ್ಲು ಮೇಲಿಂದ ಕೆಳಗೆ ನೆಟ್ಟಗೆ ಬಿರುಕು ಬಿಡುತ್ತದೆ. ಗಾಳಿ, ಮಳೆ ಸೇರಿ ಆ ಬಿರುಕನ್ನು ಅಗಲ ಮಾಡುತ್ತಾ ಹೋದರೆ ಎರಡು ಬಂಡೆಗಳ ನಡುವೆ ಓಣಿ ಆಗುತ್ತದೆ. ಬಾವನ್ ಬಂಡೆಯ ದಾರಿ ಅಂಥ ಓಣಿಗಳಲ್ಲೇ ಸಾಗುತ್ತದೆ. ಎರಡೂ ಕಡೆ ಎತ್ತರದ ಕೆಂಪು ಗೋಡೆ. ಮೇಲೆ ಆಕಾಶದ ಒಂದು ಪಟ್ಟಿ. ಕೆಲವು ಕಡೆ ಇಬ್ಬರು ಎದುರಾದರೆ ಒಬ್ಬರು ಮೈ ತಿರುಗಿಸಿ ನಿಲ್ಲಬೇಕು. ಏಪ್ರಿಲ್ ಬಿಸಿಲಲ್ಲೂ ಒಳಗೆ ತಣ್ಣಗಿರುತ್ತದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಕಾಲ್ತುಳಿತಕ್ಕೆ ಸವೆದು ನಡುವೆ ತಗ್ಗಾಗಿವೆ. ಗೋಡೆಯ ಮೇಲೆ ಕೈಯಾಡಿಸಿದರೆ ಮರಳಿನ ಪದರಗಳು ಒಂದರ ಮೇಲೊಂದು ಮಲಗಿರುವುದು ಬೆರಳಿಗೆ ತಿಳಿಯುತ್ತದೆ, ಉದುರಿದ ಮರಳು ಅಂಗೈಗೆ ಅಂಟುತ್ತದೆ. ತಿರುವಿನಲ್ಲಿ ಮುಂದೇನಿದೆ ಕಾಣುವುದಿಲ್ಲ.

ಈ ಓಣಿಯಲ್ಲಿ ಒಂದು ಸೈನ್ಯ ಹತ್ತಿ ಬರುವುದನ್ನು ಮಕ್ಕಳಿಗೆ ಊಹಿಸಲು ಹೇಳುತ್ತೇನೆ. ಸಾವಿರ ಜನ ಇದ್ದರೂ ಸಾಲಾಗಿ ಒಬ್ಬೊಬ್ಬರೇ ಬರಬೇಕು. ಮೇಲೆ ನಿಂತವರಿಗೆ ಬಿಲ್ಲೂ ಬೇಡ, ಕಲ್ಲು ಉರುಳಿಸಿದರೆ ಸಾಕು. ಇದನ್ನು ಹೇಳಿದ ಮೇಲೆ ಮಕ್ಕಳು ತಾವಾಗಿಯೇ ಮೇಲೆ ನೋಡುತ್ತಾರೆ. ಆಮೇಲೆ ಪಾಠ ಮಾಡುವ ಕೆಲಸ ನನಗೆ ಅಷ್ಟೇನೂ ಉಳಿಯುವುದಿಲ್ಲ.

ಬಯಲುಸೀಮೆಯ ಕೋಟೆ ಕಟ್ಟುವವರು ಗೋಡೆ ಎಬ್ಬಿಸಬೇಕು, ಸುತ್ತ ಕಂದಕ ತೋಡಬೇಕು. ಇಲ್ಲಿ ಬೆಟ್ಟವೇ ಗೋಡೆ. ಮನುಷ್ಯರು ಕಟ್ಟಿದ್ದು ಬಂಡೆ ಬಿಟ್ಟುಕೊಟ್ಟ ಸಂದುಗಳಲ್ಲಿ ಮತ್ತು ಅಂಚುಗಳಲ್ಲಿ. ಅದಕ್ಕೇ ಎಷ್ಟೋ ಕಡೆ ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ದೂರದಿಂದ ಗೊತ್ತಾಗುವುದೇ ಇಲ್ಲ. ಅದೇ ಕಲ್ಲು, ಅದೇ ಬಣ್ಣ. ಮೇಲೆ ಹೋದರೆ ಕಾವಲು ಬುರುಜು ಇದೆ, ಗುಮ್ಮಟದ ಹಾಗೆ ಕಾಣುವ ಕಣಜಗಳಿವೆ. ಬಂಡೆಯ ತಗ್ಗುಗಳಲ್ಲಿ ಮಳೆ ನೀರು ಹಿಡಿಯುವ ಹೊಂಡಗಳಿವೆ. ಕೆಳಗಿನ ಕೆರೆ ಕೈ ತಪ್ಪಿದರೂ ಮೇಲಿದ್ದವರು ಕೆಲವು ದಿನ ತಡೆದುಕೊಳ್ಳಬೇಕಲ್ಲ, ಅದರ ಏರ್ಪಾಡು ಇದು.

ಗುಡಿಗಳೂ ಈ ಕೋಟೆಯ ಲೆಕ್ಕಾಚಾರದಲ್ಲೇ ಕೂತಿವೆ. ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಇವೆರಡರಿಂದ ಆಚೆ ಬಂಡೆಯ ಮೇಲೆ ಒಂಟಿಯಾಗಿ ನಿಂತ ಮಾಲೆಗಿತ್ತಿ ಶಿವಾಲಯ. ಎಲ್ಲವೂ ಏಳನೇ ಶತಮಾನದ ಕಾಲದವು. ಮೇಲಿನ ಶಿವಾಲಯದ ಗೋಡೆಯಲ್ಲಿ ಗೋವರ್ಧನ ಬೆಟ್ಟ ಎತ್ತಿದ ಕೃಷ್ಣನಿದ್ದಾನೆ. ಬೆಟ್ಟದ ನೆತ್ತಿಯ ಗುಡಿಗೆ ಬೆಟ್ಟ ಎತ್ತಿದವನನ್ನೇ ಆರಿಸಿಕೊಂಡ ಶಿಲ್ಪಿಯ ಮನಸ್ಸು ನನಗೆ ಬಹಳ ಇಷ್ಟ. ಕೆಳಗಿನ ಶಿವಾಲಯದಲ್ಲಿ ಉಳಿದಿರುವುದು ಗರ್ಭಗುಡಿಯ ಭಾಗ ಮಾತ್ರ. ಮಾಲೆಗಿತ್ತಿ ಮಾತ್ರ ಇವತ್ತಿಗೂ ಗಟ್ಟಿಮುಟ್ಟಾಗಿದೆ.

ಗೆಲ್ಲಲಾಗದ ದುರ್ಗ ಎಂದು ಪುಲಿಕೇಶಿ ಬರೆಸಿದ ಮೇಲೆ ನೂರು ವರ್ಷಕ್ಕೆ ಕೋಟೆ ಬಿತ್ತು. ಇದನ್ನು ಮಕ್ಕಳಿಗೆ ಹೇಳಲು ನಾನು ಹಿಂಜರಿಯುವುದಿಲ್ಲ, ನೀವೂ ಹಿಂಜರಿಯಬಾರದು. ಹರ್ಷವರ್ಧನನನ್ನು ನರ್ಮದೆಯಲ್ಲಿ ತಡೆದ ಇಮ್ಮಡಿ ಪುಲಿಕೇಶಿಯ ರಾಜಧಾನಿಯನ್ನು 642ರಲ್ಲಿ ಪಲ್ಲವರ ಒಂದನೇ ನರಸಿಂಹವರ್ಮ ಹಿಡಿದ. 'ವಾತಾಪಿಕೊಂಡ' ಎಂಬ ಬಿರುದು ಅವನಿಗೆ ಅದರಿಂದಲೇ ಬಂತು. ಊರೊಳಗೆ, ತೆಕ್ಕಿನ ಈರಪ್ಪನ ಗುಡಿಯ ಹಿಂದಿನ ಬಂಡೆಯ ಮೇಲೆ ಅವನ ಶಾಸನವಿದೆ. ಅಕ್ಷರಗಳು ತುಂಬಾ ಸವೆದಿವೆ, ಮುರಿದಿವೆ. ಗೆದ್ದ ಶತ್ರು ನಮ್ಮ ಕೋಟೆಯ ಒಳಗೆ ಬಂದು ನಮ್ಮದೇ ಬಂಡೆಯ ಮೇಲೆ ಬರೆಸಿದ ಮಾತು ಅದು. ಹದಿಮೂರು ವರ್ಷದ ನಂತರ, 655ರ ಹೊತ್ತಿಗೆ ಇಮ್ಮಡಿ ಪುಲಿಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ರಾಜ್ಯವನ್ನು ಮತ್ತೆ ಗಳಿಸಿದ. ಒಂದನೇ ಪುಲಿಕೇಶಿಯ 543ರ ಶಾಸನ ಬೆಟ್ಟದ ಮೇಲೆ, ನರಸಿಂಹವರ್ಮನ ಶಾಸನ ಬೆಟ್ಟದ ಬುಡದಲ್ಲಿ. ಇವೆರಡನ್ನೂ ಒಟ್ಟಿಗೆ ಓದಿಸಿದರೆ ಒಂದು ರಾಜವಂಶದ ಏಳುಬೀಳನ್ನು ಅರ್ಧ ದಿನದಲ್ಲಿ ನಡೆದು ನೋಡಬಹುದು. ಹಾಗೆ ಓದಿಸುವ ವ್ಯವಸ್ಥೆ ಬೇಕು ಎನ್ನುವುದೇ ನನ್ನ ಮೊದಲ ಕೋರಿಕೆ.

ಇದಕ್ಕೆ ದೊಡ್ಡ ಖರ್ಚಿಲ್ಲ. 543ರ ಶಾಸನದ ಅಚ್ಚನ್ನು ತೆಗೆದು, ಅದರ ಪಡಿಯಚ್ಚನ್ನು ಕೈಗೆ ಸಿಗುವ ಎತ್ತರದಲ್ಲಿ ಮ್ಯೂಸಿಯಂ ಬಳಿ ನಿಲ್ಲಿಸಬಹುದು. ಪಕ್ಕದಲ್ಲಿ ಇವತ್ತಿನ ಕನ್ನಡ ಲಿಪಿಯಲ್ಲಿ ಪಾಠ, ಕೆಳಗೆ ಸರಳ ಕನ್ನಡದಲ್ಲಿ ಅರ್ಥ. ನರಸಿಂಹವರ್ಮನ ಶಾಸನಕ್ಕೂ ಹೀಗೇ ಆಗಲಿ. ಕೆರೆಯ ಈಶಾನ್ಯದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನಕ್ಕಂತೂ ಆಗಲೇಬೇಕು. ಸುಮಾರು 700ರ ಆ ಶಾಸನದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಎಂಬ ಸಾಲು ಶಾಲೆ ಕಲಿತವರಿಗೆಲ್ಲ ಬಾಯಿಪಾಠ. ಆ ಸಾಲು ಇರುವ ಬಂಡೆಯನ್ನು ಕಣ್ಣಾರೆ ನೋಡಿದವರು ಎಷ್ಟು ಜನ? ನೋಡಲು ಹೋದವರಿಗೂ ಕೆಳಗೆ ನಿಂತು ಅಕ್ಷರ ಗುರುತಿಸುವುದು ಕಷ್ಟ. ಅಲ್ಲೊಂದು ಚೊಕ್ಕ ಫಲಕ ಇದ್ದರೆ ಜನ ನಿಂತು ಓದುತ್ತಾರೆ. ಮಕ್ಕಳು ಖಂಡಿತ ಜೋರಾಗಿ ಓದುತ್ತಾರೆ.

ಚಲುಕ್ಯರಲ್ಲಿಗೇ ಕತೆ ಮುಗಿಸುವ ಅಭ್ಯಾಸವೊಂದು ನಮಗಿದೆ. ಎಂಟನೇ ಶತಮಾನದ ನಡುವೆ ರಾಷ್ಟ್ರಕೂಟರ ದಂತಿದುರ್ಗ ಬಂದ, ಅಲ್ಲಿಗೆ ಬಾದಾಮಿ ಮುಗಿಯಿತು ಎನ್ನುವ ಹಾಗೆ ಪಾಠ ಮುಗಿಯುತ್ತದೆ. ಆದರೆ ನಮ್ಮ ಕಣ್ಣಿಗೆ ಕಾಣುವ ಗೋಡೆ, ಬತೇರಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಈಚಿನವು. ವಿಜಯನಗರದ ಮೊದಲ ಅರಸ ಹರಿಹರನ ಕಾಲದ, 1340ರ ಶಾಸನವೊಂದು ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು, ಮರಾಠರು, ಹೈದರ್, ಟಿಪ್ಪು. ಬಿಲ್ಲು ಬಾಣದ ಕಾಲ ಹೋಗಿ ಮದ್ದುಗುಂಡಿನ ಕಾಲ ಬಂದ ಹಾಗೆ ಕೋಟೆಯನ್ನೂ ಅದಕ್ಕೆ ತಕ್ಕಂತೆ ತಿದ್ದಿದರು. ಒಂದೇ ಬೆಟ್ಟದ ಮೇಲೆ ಸಾವಿರ ವರ್ಷದ ಯುದ್ಧದ ಪದ್ಧತಿ ಪದರ ಪದರವಾಗಿ ಕೂತಿದೆ. ಯಾವ ಪದರ ಯಾರದು ಎಂದು ತೋರಿಸುವ ಒಂದು ನಕ್ಷೆಯಾದರೂ ಬೇಡವೇ?

1786ರ ಮುತ್ತಿಗೆಯ ವಿಷಯವನ್ನೇ ತೆಗೆದುಕೊಳ್ಳಿ. ಮರಾಠರ ಮತ್ತು ನಿಜಾಮನ ಸೈನ್ಯ ಒಟ್ಟಾಗಿ ಬಂದು ಬಾದಾಮಿಯನ್ನು ಸುತ್ತುವರಿದವು. ಒಳಗಿದ್ದವರು ಟಿಪ್ಪುವಿನ ಸೈನಿಕರು. ಫಿರಂಗಿಗಳಿಂದ ಹೊಡೆದರೂ ಊರಿನ ಗೋಡೆ ಬೇಗ ಬಗ್ಗಲಿಲ್ಲ. ಕೊನೆಗೆ ಏಣಿ ಹಾಕಿ ಹತ್ತಿ ಊರನ್ನು ಹಿಡಿದರು. ಆಗ ಕಾವಲಿನವರು ಬೆಟ್ಟದ ಕೋಟೆಗಳಿಗೆ ಏರಿ, ಹಿಂದೆ ಬಂದವರ ಮೇಲೆ ಬಂಡೆ ಉರುಳಿಸಿದರು, ಗುಂಡು ಹಾರಿಸಿದರು. ಆಮೇಲೆ ಅವರು ಶರಣಾದರು ನಿಜ. ಆದರೆ ನೋಡಿ, ಮೊದಲು ಕೆಳಗಿನ ಕೋಟೆ, ಅದು ಹೋದರೆ ಮೇಲಿನ ಕೋಟೆ ಎಂಬ ಲೆಕ್ಕ ಪುಲಿಕೇಶಿಯ ಶಾಸನದ ಲೆಕ್ಕವೇ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಆದಮೇಲೂ ಜನ ಅದೇ ಬೆಟ್ಟವನ್ನು ಅದೇ ರೀತಿ ಬಳಸಿದರು.

1818ರಲ್ಲಿ ಥಾಮಸ್ ಮನ್ರೋ ಬಾದಾಮಿಯನ್ನು ಇಂಗ್ಲಿಷರ ಕೈಗೆ ತಂದ. 1841ರ ಬಂಡಾಯದಲ್ಲಿ ನರಸಿಂಹ ದತ್ತಾತ್ರೇಯ ಪೇಟಕರ್ ಎಂಬ ಕಣ್ಣು ಕಾಣದ ವ್ಯಕ್ತಿ ಅರಬ್ ಸಿಪಾಯಿಗಳನ್ನು ಕಟ್ಟಿಕೊಂಡು ಬಂದು ಸ್ವಲ್ಪ ಕಾಲ ಊರನ್ನು ಹಿಡಿದ. ಕಿತ್ತೂರು, ನರಗುಂದದ ಬಗ್ಗೆ ಗೊತ್ತಿರುವ ನಮ್ಮ ಮಕ್ಕಳಿಗೆ ಇವನ ಹೆಸರೇ ಗೊತ್ತಿಲ್ಲ. ಇವನ ವಿಷಯ ಹೇಳಲು ಕೆರೆಯ ದಂಡೆಯಲ್ಲಿ ಎರಡು ಸಾಲು ಜಾಗ ಕೊಡಿ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ರಣಮಂಡಲ ಕೋಟೆಗೆ ಮೇಣಬಸದಿಯ ಕಡೆಯಿಂದ ಹತ್ತುವ ಮೆಟ್ಟಿಲ ದಾರಿ ಬಹಳ ಕಾಲದಿಂದ ಮುಚ್ಚಿದೆ. ಯಾಕೆ ಅಂತ ಅರ್ಥವಾಗುತ್ತದೆ. ಕಡಿದಾದ ಮೆಟ್ಟಿಲು, ತಡೆಗೋಡೆ ಇಲ್ಲದ ಅಂಚು, ಸೆಲ್ಫಿಯ ಹುಚ್ಚು. ನಾನು ಮಕ್ಕಳನ್ನು ಕರೆದುಕೊಂಡು ಬರುವವನು, ಜೀವದ ಬೆಲೆ ನನಗೂ ಗೊತ್ತು. ಬೀಗ ತೆಗೆದು ಎಲ್ಲರನ್ನೂ ಬಿಟ್ಟುಬಿಡಿ ಎಂದು ಕೇಳುತ್ತಿಲ್ಲ. ಮಳೆ ಇಲ್ಲದ ತಿಂಗಳುಗಳಲ್ಲಿ, ಬೆಳಗಿನ ಹೊತ್ತು, ಹತ್ತು ಹದಿನೈದು ಜನರ ಗುಂಪನ್ನು ತರಬೇತಿ ಪಡೆದ ಒಬ್ಬ ಗೈಡ್ ಜೊತೆ ಕಳಿಸುವ ಪದ್ಧತಿ ಮಾಡಬಹುದಲ್ಲ? ಅಪಾಯದ ಅಂಚುಗಳಿಗೆ ಕಂಬಿ ಹಾಕಲಿ. ಹೆಸರು ಬರೆಸಿ, ಶುಲ್ಕ ಕೊಟ್ಟು ಹೋಗಲಿ. ಬಾದಾಮಿಯಲ್ಲಿ ಬಂಡೆ ಹತ್ತುವ ಹುಡುಗರಿದ್ದಾರೆ, ಬೆಟ್ಟದ ಒಂದೊಂದು ಸಂದೂ ಬಲ್ಲವರು. ಅವರಿಗೂ ಕೆಲಸ ಸಿಗುತ್ತದೆ. ಒಂದೇ ಬೆಟ್ಟದಿಂದ ನೋಡಿದರೆ ಈ ಕೋಟೆ ಅರ್ಥವಾಗುವುದು ಅರ್ಧ ಮಾತ್ರ. ಎರಡು ಬೆಟ್ಟ ಒಂದನ್ನೊಂದು ಹೇಗೆ ಕಾಯುತ್ತಿದ್ದವು ಎನ್ನುವುದು ತಿಳಿಯಬೇಕಾದರೆ ಆಚೆ ನಿಂತು ಈಚೆ ನೋಡಬೇಕು.

ಬಾವನ್ ಬಂಡೆಯ ಓಣಿಗಳಲ್ಲೂ ಗಮನ ಬೇಕು. ಮರಳುಗಲ್ಲು ಮೆತ್ತಗಿನ ಕಲ್ಲು. ಚಾಕುವಿನಲ್ಲೋ ಕೀಲಿಯಲ್ಲೋ ಗೀಚಿದರೆ ಹೆಸರು ಮೂಡಿಬಿಡುತ್ತದೆ, ಮತ್ತೆ ಅಳಿಸಲು ಬರುವುದಿಲ್ಲ. ಪ್ರೇಮಿಗಳ ಹೆಸರುಗಳನ್ನು ನೋಡಿದಾಗ ನನಗೆ ಸಿಟ್ಟಿಗಿಂತ ಬೇಜಾರು ಜಾಸ್ತಿ. ಅದು ಬರೀ ಬಂಡೆ ಎಂದುಕೊಂಡು ಬರೆದಿರುತ್ತಾರೆ. ಅದು ಕೋಟೆಯ ಗೋಡೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಕೆರೆಯ ಬಗ್ಗೆ ಒಂದು ಮನವಿ. ಕೆರೆಗೆ ಚರಂಡಿ ನೀರು ಸೇರಬಾರದು, ಹೂಳು ತುಂಬಬಾರದು, ಪ್ಲಾಸ್ಟಿಕ್ ತೇಲಬಾರದು. ಇದು ಎಲ್ಲರೂ ಒಪ್ಪುವ ಮಾತು. ಆದರೆ ಸ್ವಚ್ಛತೆ ಅಂದ ಕೂಡಲೇ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳ ಮೇಲೆ ಮೊದಲು ಬೆರಳು ತೋರಿಸುವುದು ಸರಿಯಲ್ಲ. ಈ ಕೆರೆಯನ್ನು ಕಟ್ಟಿದ್ದು ಊರಿನ ಬಳಕೆಗೆ. ಅವರಿಗೆ ಬೇರೆ ಕಡೆ ನೀರು, ಒಗೆಯುವ ಕಲ್ಲು, ನೆರಳು ಕೊಟ್ಟು ಆಮೇಲೆ ಕೇಳಿ. ಸ್ಮಾರಕಗಳಿಗೆ ಅಂಟಿಕೊಂಡ ಮನೆಗಳ ಸ್ಥಳಾಂತರದ ಮಾತೂ ಹಾಗೇ. ಅಲ್ಲಿನ ಜನ ಕೆಳಗಿನ ಕೋಟೆಯ ಕೊನೆಯ ವಾಸಿಗಳು. ಅವರ ಜೊತೆ ಕೂತು ಮಾತಾಡದೆ ಯಾವ ನಕ್ಷೆಯ ಮೇಲೂ ಗೆರೆ ಎಳೆಯಬೇಡಿ. ಹಳೆಯ ಅಗಸಿ, ಬಾವಿ, ಗೋಡೆಯ ತುಂಡು ಯಾವ ಮನೆಯ ಹಿತ್ತಲಲ್ಲಿದೆ ಎನ್ನುವುದು ಅವರಿಗೇ ಗೊತ್ತಿರುತ್ತದೆ.

ಇನ್ನೊಂದು ಸಂಗತಿ. ಪಟ್ಟದಕಲ್ಲು 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2015ರಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲು ಮೂರನ್ನೂ ಒಟ್ಟಿಗೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಸಂತೋಷ. ಆದರೆ ಅದರ ತಲೆಬರಹ ದೇವಾಲಯ ವಾಸ್ತುವಿನ ವಿಕಾಸ ಎಂಬುದು. ಗುಡಿಗಳ ಕತೆಗೆ ಬಾದಾಮಿ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಐಹೊಳೆಯಲ್ಲೂ ಪಟ್ಟದಕಲ್ಲಿನಲ್ಲೂ ಇಲ್ಲದ, ಬಾದಾಮಿಗೆ ಮಾತ್ರ ಇರುವ ಸಂಗತಿ ಎರಡು ಬೆಟ್ಟ, ಒಂದು ಕೆರೆ ಸೇರಿದ ಈ ರಾಜಧಾನಿಯ ಕೋಟೆ. ಮುಂದಿನ ಕಡತ ಸಿದ್ಧಪಡಿಸುವವರು ಏರಿ, ಓಣಿ, ಹೊಂಡ, ಕಣಜ, ಬತೇರಿಗಳನ್ನು ಅಳತೆ ಸಮೇತ ದಾಖಲಿಸಿ, ಅವುಗಳಿಗೊಂದು ಅಧ್ಯಾಯ ಕೊಡಬೇಕು.

ನನ್ನಂಥ ಶಿಕ್ಷಕರಿಗೂ ಒಂದು ಮಾತು, ಈ ಪತ್ರವನ್ನು ಅವರೂ ಓದುತ್ತಾರೆಂಬ ನಂಬಿಕೆಯಿಂದ. ಪ್ರವಾಸಕ್ಕೆ ಬಂದಾಗ ಮೊದಲು ಮೇಣಬಸದಿಗೆ ಓಡಬೇಡಿ. ಏರಿಯ ಮೇಲೆ ಮಕ್ಕಳನ್ನು ಹತ್ತು ನಿಮಿಷ ನಿಲ್ಲಿಸಿ. ಊಟ ಜೀರ್ಣವಾಗಲಿ ಅಂತ ಮಗುವಿನ ಹೊಟ್ಟೆ ಸವರಿ "ವಾತಾಪಿ ಜೀರ್ಣೋಭವ" ಅನ್ನುತ್ತಾರಲ್ಲ, ಆ ಅಗಸ್ತ್ಯ, ವಾತಾಪಿ, ಇಲ್ವಲರ ಕತೆ ಹೇಳಿ. ಆಮೇಲೆ ಎಡಕ್ಕೆ ಬಾವನ್ ಬಂಡೆ, ಬಲಕ್ಕೆ ರಣಮಂಡಲ ತೋರಿಸಿ, ನೀವು ರಾಜರಾಗಿದ್ದರೆ ಕಾವಲು ಎಲ್ಲಿ ಇಡುತ್ತಿದ್ದಿರಿ ಎಂದು ಕೇಳಿ. ಉತ್ತರ ಅವರೇ ಹೇಳುತ್ತಾರೆ.

ಅಧಿಕಾರಿಗಳಲ್ಲಿ ಕೇಳುವುದು ಇಷ್ಟು. ಬರುವ ಮಳೆಗಾಲ ಮುಗಿದು ಶಾಲಾ ಪ್ರವಾಸಗಳು ಶುರುವಾಗುವ ಮೊದಲು ಏರಿಯ ಮೇಲೆ ಕೋಟೆಯ ಒಂದು ದೊಡ್ಡ ನಕ್ಷೆ, ಮ್ಯೂಸಿಯಂ ಬಳಿ 543ರ ಶಾಸನದ ಪಡಿಯಚ್ಚು ಬರಲಿ. ರಣಮಂಡಲದ ವಿಷಯಕ್ಕೆ ಸಮಯ ತೆಗೆದುಕೊಳ್ಳಿ, ಆದರೆ ಮೆಟ್ಟಿಲುಗಳ ಪರೀಕ್ಷೆ ಈ ವರ್ಷವೇ ಶುರುವಾಗಲಿ. ಫಲಕದ ಕನ್ನಡ ಬರವಣಿಗೆಗೆ, ನಕ್ಷೆ ತಿದ್ದುವುದಕ್ಕೆ, ಮಕ್ಕಳ ಗುಂಪಿನ ಜೊತೆ ಓಡಾಡುವುದಕ್ಕೆ ನಮ್ಮ ಜಿಲ್ಲೆಯ ಶಿಕ್ಷಕರು ಸಂಬಳ ಕೇಳದೆ ಬರುತ್ತಾರೆ. ನಾನಂತೂ ಬರುತ್ತೇನೆ. ಕರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕ